ಅಟ್ಟದ ಮೇಲಿನ ಅಜ್ಜಿ

ನಕ್ಷೆಯ ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆಯನ್ನು ಒರೆಸಲು ಇಬ್ಬರು ಬೇಕು. ಒಬ್ಬ ಹಾಳೆಯ ತುದಿಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸುತ್ತ ಹೋಗಬೇಕು. ಆ ಕಡೆ ಈ ಕಡೆ ಉಜ್ಜಿದರೆ ಮೇಣದ ಪೆನ್ಸಿಲ್ಲಿನ ಬಣ್ಣ ಹರಡಿ ಹಾಳೆ ಮಸಿ ಬಳಿದ ಮುಖದ ಹಾಗಾಗುತ್ತದೆ. ಇವತ್ತಿನ ಸರದಿ ನೀರುಕೋಳಿಯದು. ಮೇಸ್ತ್ರಿ ಬಾಗಿಲು ತಳ್ಳಿದಾಗ ಅವನಾಗಲೇ ತೋಳು ಮಡಚಿ, ಬಟ್ಟೆಯನ್ನು ನಾಲ್ಕು ಪದರ ಮಾಡಿ ನಿಂತಿದ್ದ. ಮೇಸ್ತ್ರಿ ಟೋಪಿಯನ್ನು ಕುರ್ಚಿಯ ಮೇಲಿಟ್ಟು, ಯಾರೂ ಕರೆಯದಿದ್ದರೂ ಹೋಗಿ ಹಾಳೆಯ ತುದಿ ಹಿಡಿದ. ಕೆಂಪು ಗೆರೆಗಳು ಶತ್ರುವಿನವು, ಅವು ಬೇಗ ಹೋದವು. ನೀಲಿ ಗೆರೆಗಳು ನಮ್ಮವು. ಬೆಟ್ಟದ ಸಾಲಿನವು, ರಸ್ತೆಯವು, ಊರಿನ ಸುತ್ತ ಹಾಕಿದವು ಒಂದೊಂದೇ ಬಟ್ಟೆಗೆ ಬಂದವು. ಕೊನೆಗೆ ನದಿಯನ್ನು ದಾಟುವ ಒಂದು ನೀಲಿ ಬಾಣ ಉಳಿಯಿತು, ಅದರ ಸುತ್ತ ಕರ್ನಲ್ ಹಾಕಿದ ಕೆಂಪು ಸುತ್ತು. ಗುರುವಾರದಿಂದ ಇಲ್ಲೇ ಬಿದ್ದಿದ್ದು ಮೇಣ ಗಟ್ಟಿಯಾಗಿತ್ತು. ನೀರುಕೋಳಿ ಎರಡು ಸಲ ಒರೆಸಿದ, ಮೂರನೆಯ ಸಲ ಹೆಬ್ಬೆರಳಿನ ಉಗುರಿನಿಂದ ಕೆರೆದ. ಅದು ಅವನದೇ ಬಾಣ. ಮೇಸ್ತ್ರಿ ಹಾಳೆಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿದಿದ್ದ. ಬೆರಳ ತುದಿಗಳು ಬೆಳ್ಳಗಾಗಿದ್ದವು.

ಹತ್ತು ಜನರ ಈ ತಂಡದಲ್ಲಿ ನೌಕಾಪಡೆಯವನು ಬಟ್ಟೆ ಹಿಡಿದವನೊಬ್ಬನೇ. ಹಾಗಾಗಿ ಬಂದ ಮೊದಲ ವಾರವೇ ನೀರುಕೋಳಿ ಎಂಬ ಹೆಸರು ಬಿತ್ತು. ವಿಮಾನ ಹಾರಿಸುವವನು ಗಾಳಿಪಟವಾದ. ಭೂಸೇನೆಯಲ್ಲಿ ರಸ್ತೆ, ಸೇತುವೆ ಕಟ್ಟಿಸುವ ಮೇಜರ್ ಮೇಸ್ತ್ರಿಯಾದ. ಮೂವತ್ತೆಂಟು, ನಲವತ್ತು ವಯಸ್ಸಿನವರು, ನೂರಾರು ಜನರಿಗೆ ಅಪ್ಪಣೆ ಕೊಟ್ಟು ರೂಢಿಯಾದವರು, ಒಂದು ವರ್ಷ ಈ ಸೇನಾ ಕಾಲೇಜಿನಲ್ಲಿ ಬೆಂಚಿನ ಮೇಲೆ ಕೂತು ಮನೆಪಾಠ ಬರೆಯುತ್ತಾರೆ. ಬರೆದದ್ದಕ್ಕೆ, ಒಂದು ಕಾಲಕ್ಕೆ ಇದೇ ಬೆಂಚಿನ ಮೇಲೆ ಕೂತಿದ್ದ, ಈಗ ಪಾಠ ಹೇಳುವ ಕರ್ನಲ್ ಅಂಕ ಹಾಕುತ್ತಾರೆ. ಕಡಿಮೆ ಬಿದ್ದವನು ಚಹಾದ ಹೊತ್ತಿನಲ್ಲಿ ಬೂಟಿನ ಲೇಸು ಸರಿಮಾಡಿಕೊಳ್ಳುತ್ತಾ ಎಲ್ಲರಿಗಿಂತ ಹಿಂದೆ ಉಳಿಯುತ್ತಾನೆ. ಇಷ್ಟು ವರ್ಷದ ಮೇಲೂ ಇದು ನೋಯುತ್ತದಲ್ಲ ಎಂದು ಮೇಸ್ತ್ರಿಗೆ ಮೊದಮೊದಲು ಆಶ್ಚರ್ಯವಾಗಿತ್ತು. ಈಗ ಆಶ್ಚರ್ಯವೂ ಇಲ್ಲ. ಬೆಳಿಗ್ಗೆ ಎದ್ದಾಗಲೇ ಭುಜಗಳು ಸಂಜೆಯ ಭುಜಗಳಂತಿರುತ್ತವೆ.

ಬಾಣ ಹೋದರೂ ಅದರ ನೆರಳಿನಂಥ ಕಲೆ ಉಳಿಯಿತು. ನೀರುಕೋಳಿ ಬಟ್ಟೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದ. ಅಷ್ಟರಲ್ಲಿ ಉಳಿದವರು ಬರತೊಡಗಿದರು. ಕುರ್ಚಿಗಳ ಸದ್ದು, ಯಾರದೋ ಕೆಮ್ಮು. ಗಾಳಿಪಟ ನಕ್ಷೆಯ ಕಡೆ ನೋಡಿ, “ಆಹಾ, ಯುದ್ಧ ಮುಗೀತು, ನೆಲ ಒರೆಸಿದ್ದೂ ಆಯ್ತು,” ಎಂದ. ಯಾರೂ ನಗದಿದ್ದಾಗ, ನಗಬಾರದ ದಿನ ಇದು ಎಂದು ಅವನಿಗೆ ನೆನಪಾಯಿತೇನೋ, ಪೆನ್ನಿನ ಕ್ಯಾಪು ಹುಡುಕುವವನ ಹಾಗೆ ಮೇಜಿನ ಕೆಳಗೆ ಬಗ್ಗಿದ. ಗೋಡೆಯ ಗಡಿಯಾರದಲ್ಲಿ ಎಂಟೂವರೆ. ಹನ್ನೆರಡು ಗಂಟೆಗೆ ನೀರುಕೋಳಿ ಕಾಲೇಜಿನ ಮುಖ್ಯಸ್ಥರ ಎದುರು ನಿಲ್ಲಬೇಕು. ಹಳೆಯ ಉತ್ತರಗಳ ಕಟ್ಟು ಯಾರಿಂದ ಸಿಕ್ಕಿತು ಎಂದು ಹೇಳಿದರೆ ಒಂದು ಎಚ್ಚರಿಕೆಯ ಕಾಗದದಲ್ಲಿ ಮುಗಿಯುತ್ತದೆ. ಹೇಳದಿದ್ದರೆ ಸಂಜೆಯ ರೈಲು. ಕೋರ್ಸನ್ನು ಅರ್ಧಕ್ಕೆ ಬಿಟ್ಟು ಹೋದವನ ಕೈಗೆ ಯಾರೂ ಹಡಗು ಕೊಡುವುದಿಲ್ಲ. ಬರುವ ವರ್ಷ ಅವನಿಗೊಂದು ಹಡಗು ಎಂದು ಮಾತಾಗಿತ್ತು. ಇದು ಕೋಣೆಯ ಹತ್ತೂ ಜನಕ್ಕೆ ಗೊತ್ತು. ಯಾರಿಂದ ಸಿಕ್ಕಿತು ಎಂಬುದೂ ಗೊತ್ತು.

ಕರ್ನಲ್ ಬಂದರು, ಎಲ್ಲರೂ ಎದ್ದು ಕೂತರು. ಹೊಸ ಲೆಕ್ಕ: ಎಡದಂಡೆಯಲ್ಲಿ ಸಿಕ್ಕಿಬಿದ್ದ ತುಕಡಿಯನ್ನು ಹಿಂದಕ್ಕೆ ಕರೆಸಿಕೊಳ್ಳುವುದು ಹೇಗೆ. ಅವರು ನೀಲಿ ಪೆನ್ಸಿಲ್ ಹಿಡಿದು, ಈಗ ತಾನೇ ಒರೆಸಿದ ಹಾಳೆಯ ಮೇಲೆ ಬಾಣ ಬರೆದರು. ಅವರ ಬಾಣಕ್ಕೆ ಹಿಂದೆ ಮೀನಿನ ಬಾಲವಿರುತ್ತದೆ, ಕವಲೊಡೆದು ಸ್ವಲ್ಪ ಮೇಲಕ್ಕೆ ತಿರುಗಿದ್ದು. ಕಾಲೇಜಿನಲ್ಲಿ ಇನ್ನಾರೂ ಹಾಗೆ ಬರೆಯುವುದಿಲ್ಲ. “ಸರ್ ಬಾಣ ನೋಡಿದ್ರೆ ನಮ್ಮ ನೀರುಕೋಳಿಗೆ ಹಸಿವಾಗುತ್ತೆ,” ಎಂದು ಗಾಳಿಪಟ ಒಮ್ಮೆ ಅಂದಿದ್ದ, ಕರ್ನಲ್ ಕೂಡ ನಕ್ಕಿದ್ದರು. ನಗು ಬಂದರೆ ಅವರು ಒಳ್ಳೆಯವರು. ಗುರುವಾರವೂ ಮೊದಲು ನಕ್ಕೇ ಕೇಳಿದ್ದು. ನೀರುಕೋಳಿ ಕೋಲು ಹಿಡಿದು ನಿಂತು, ಎರಡನೆಯ ಬ್ರಿಗೇಡು ಇಟ್ಟಿಗೆಗೂಡಿನ ಹತ್ತಿರದ ಸೇತುವೆಯ ಮೇಲೆ ಹಾದುಹೋಗುತ್ತದೆ ಎಂದು ವಿವರಿಸುತ್ತಿದ್ದ. ಕರ್ನಲ್ ಕಿವಿ ಕೆರೆದುಕೊಂಡು, “ಏನ್ರೀ, ನಿಮ್ಮ ಟ್ಯಾಂಕುಗಳಿಗೆ ಈಜು ಕಲಿಸಿದ್ದೀರಾ?” ಎಂದರು. ಕೋಣೆ ಘೊಳ್ಳೆಂದಿತು. ನೀರುಕೋಳಿ ನಕ್ಷೆಗೆ ಮುಖ ತಂದು ನೋಡಿದ. ನದಿ ಇತ್ತು, ಇಟ್ಟಿಗೆಗೂಡು ಇತ್ತು. ಸೇತುವೆ ಇರಲಿಲ್ಲ. ಈ ವರ್ಷದ ನಕ್ಷೆಯಲ್ಲಿ ಆ ಎರಡು ಪುಟ್ಟ ಗೆರೆಗಳನ್ನು ಕಾಲೇಜಿನವರು ಸದ್ದಿಲ್ಲದೆ ಅಳಿಸಿದ್ದರು. ನಗು ನಿಲ್ಲುತ್ತಿದ್ದ ಹಾಗೆ ಕರ್ನಲ್ ಮುಖ ಬಿಗಿದುಕೊಂಡಿತು. ಹೋದ ವರ್ಷದ ಉತ್ತರ ನೋಡಿ ಬರೆದವನಿಗೆ ಮಾತ್ರ ಅಲ್ಲಿ ಸೇತುವೆ ಕಾಣುತ್ತದೆ. ಅವರು ಎದ್ದು ಬಂದು ಕೆಂಪು ಸುತ್ತು ಹಾಕಿ, ಪೆನ್ಸಿಲನ್ನು ಜೇಬಿಗಿಟ್ಟುಕೊಂಡರು. ಮೇಸ್ತ್ರಿಗೆ ಆ ದಿನದ್ದೆಲ್ಲ ಮಸುಕಾಗಿದೆ, ಒಂದು ಮಾತ್ರ ಇಲ್ಲ. ಎಲ್ಲರಿಗಿಂತ ಒಂದು ಕ್ಷಣ ಮೊದಲು ನಕ್ಕವನು ತಾನು. ಕರ್ನಲ್ ಬಾಯಿ ತೆರೆಯುವ ಮೊದಲೇ ತುಟಿಯ ಮೇಲೆ ನಗು ಬಂದು ಕೂತಿತ್ತು, ಏನು ಬರಲಿದೆ ಎಂದು ಅದಕ್ಕೆ ಗೊತ್ತಿದ್ದ ಹಾಗೆ.

ಹಳೆಯ ಉತ್ತರಗಳ ಆ ಕಟ್ಟಿಗೆ ಕಾಲೇಜಿನಲ್ಲಿ ಅಜ್ಜಿ ಎಂದು ಹೆಸರು. ಪ್ರತಿ ತಂಡಕ್ಕೂ ಒಬ್ಬ ಅಜ್ಜಿ ಇರುತ್ತಾಳೆ, ಇಲ್ಲವೆಂದು ಎಲ್ಲರೂ ಹೇಳುತ್ತಾರೆ. ಹಳೆಯ ತಂಡ ಹೋಗುವಾಗ ಹೊಸ ತಂಡಕ್ಕೆ ಬಿಟ್ಟುಹೋಗುತ್ತದೆ, ವರ್ಷಕ್ಕೊಂದಿಷ್ಟು ಹಾಳೆ ಸೇರಿ ಅವಳು ದಪ್ಪಗಾಗುತ್ತಾಳೆ. ಈ ತಂಡದವಳು ಮೇಸ್ತ್ರಿಯ ಮನೆಯ ಜೊತೆ ಬಂದವಳು. ಬೀಗದ ಕೈ ಕೊಡುವಾಗ ಮೊದಲು ಆ ಮನೆಯಲ್ಲಿದ್ದ ಅಧಿಕಾರಿ, “ಗೀಸರ್ ಸ್ವಿಚ್ಚು ತಲೆಕೆಳಗು ಹಾಕಿದ್ದಾರೆ, ಹಿತ್ತಲ ಬಾಗಿಲು ಒದ್ದು ಮುಚ್ಚಬೇಕು, ಅಡುಗೆಮನೆ ಅಟ್ಟದ ಮೇಲೆ ಅಜ್ಜಿ ಇದ್ದಾಳೆ, ಚೆನ್ನಾಗಿ ನೋಡ್ಕೊಳ್ಳಿ,” ಎಂದು ಒಂದೇ ಉಸಿರಿನಲ್ಲಿ ಹೇಳಿ ಜೀಪು ಹತ್ತಿದ್ದ. ಮೇಸ್ತ್ರಿಯ ಹೆಂಡತಿ ನಿಜವಾಗಿಯೂ ಹೆದರಿ ಅಟ್ಟದ ಕಡೆ ನೋಡಿದ್ದಳು. ಆಮೇಲೆ ಅದು ಮನೆಯ ನಗೆಮಾತಾಯಿತು. ಮಗಳು ಕೇಳಿದ್ದಳು: “ಅಪ್ಪಾ, ಅದು ಯಾರ ನೋಟ್ಸು?” “ಅಜ್ಜಿದು.” “ಯಾವ ಅಜ್ಜಿ? ಅಮ್ಮನ ಅಮ್ಮನಾ?” “ಎಲ್ಲರ ಅಜ್ಜಿ ಕಣೇ.” “ಹಂಗಾದ್ರೆ ನೀನೂ ನೋಡಿ ಬರೀತೀಯಾ?” ಅದಕ್ಕೆ ಏನು ಉತ್ತರ ಕೊಟ್ಟೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಪೆನ್ಸಿಲ್ ಚೂಪು ಮಾಡಿಕೊಟ್ಟಿದ್ದ.

ಆ ಗುರುವಾರಕ್ಕೆ ಮೊದಲಿನ ಶನಿವಾರ ನೀರುಕೋಳಿ ಬಂದು ನದಿ ದಾಟುವ ಲೆಕ್ಕದ ಹಾಳೆಗಳನ್ನು ಕೇಳಿದ. ಉಳಿದವರಿಗೆ ಈ ಸಲ ಅಜ್ಜಿ ಬೇಕಿರಲಿಲ್ಲ. ಗಾಳಿಪಟನ ಪಾಲಿಗೆ ವಿಮಾನದ ಭಾಗ ಬಂದಿತ್ತು, ಮಿಕ್ಕವರು ಹುಟ್ಟಿದಾಗಿನಿಂದ ನೆಲದ ಮೇಲೇ ಜಗಳವಾಡಿದವರು. “ನನಗೆ ದಡ ಅಂದ್ರೆ ಹಡಗು ಕಟ್ಟೋ ಜಾಗ ಕಣಯ್ಯಾ,” ಎಂದು ನೀರುಕೋಳಿ ನಾಚಿಕೆಯಿಂದಲೇ ಹೇಳಿದ, “ಅದರಾಚೆ ಜನ ಏನ್ ಮಾಡ್ತಾರೋ ನಂಗೊತ್ತಿಲ್ಲ.” ಮೇಸ್ತ್ರಿ ಕೊಟ್ಟ. ಸೋಮವಾರ ಸಂಜೆ ಏಳೂವರೆಗೆ, ಮಗಳು ಮೇಜಿನ ಆ ತುದಿಯಲ್ಲಿ ಮಗ್ಗಿ ಬರೆಯುತ್ತಿದ್ದಾಗ, ತನ್ನ ಉತ್ತರ ಶುರುಮಾಡಲು ಹೊಸ ನಕ್ಷೆ ಬಿಡಿಸಿದ. ನಕ್ಷೆ ಬಿಡಿಸಿದರೆ ಅವನ ಕಣ್ಣು ಮೊದಲು ಸೇತುವೆಗಳಿಗೆ ಹೋಗುತ್ತದೆ, ಬಡಗಿಯ ಕಣ್ಣು ಬಾಗಿಲ ಚೌಕಟ್ಟಿಗೆ ಹೋಗುವ ಹಾಗೆ. ಇಟ್ಟಿಗೆಗೂಡಿನ ಹತ್ತಿರ ನದಿ ಬರಿದಾಗಿತ್ತು. ಅಚ್ಚಿನ ತಪ್ಪೇ ಎಂದು ದೀಪಕ್ಕೆ ಹಿಡಿದು ನೋಡಿದ. ತಪ್ಪಲ್ಲ. ಮೇಲ್ದಂಡೆಯಲ್ಲಿ ದೋಣಿಗಳನ್ನು ಸಾಲಾಗಿ ಕಟ್ಟಿ ದಾಟಿಸುವ ಲೆಕ್ಕ ಬರೆದ. ಚೆನ್ನಾಗಿಯೇ ಬಂತು, ಅವನ ಕೆಲಸವೇ ಅದು. ಬರೆಯುವಾಗ ನೀರುಕೋಳಿ ಎರಡು ಸಲ ನೆನಪಾದ. ಅವನಿರುವ ಒಂಟಿ ಅಧಿಕಾರಿಗಳ ವಸತಿ ಆಟದ ಮೈದಾನದ ಆಚೆ, ನಡೆದರೆ ಹತ್ತು ನಿಮಿಷ. ಊಟವಾದ ಮೇಲೆ ಹೋಗೋಣ ಎಂದುಕೊಂಡ. ಊಟವಾದ ಮೇಲೆ, ಮತ್ತೆ ಬೂಟು ಹಾಕಿಕೊಳ್ಳಬೇಕಲ್ಲ ಎಂದುಕೊಂಡ. ಆಮೇಲೆ, ಅವನಿಗೂ ಕಣ್ಣಿದೆಯಲ್ಲ, ನೋಡಿಕೊಂಡಿರುತ್ತಾನೆ ಎಂದುಕೊಂಡ. ಹತ್ತು ಜನರಲ್ಲಿ ಒಬ್ಬ ಕೆಳಗಿಳಿದರೆ ಒಬ್ಬ ಮೇಲೆ ಹೋಗುತ್ತಾನೆ ಎಂಬ ಯೋಚನೆ ಆ ಹೊತ್ತು ಬಂದಿತ್ತೋ ಇಲ್ಲವೋ ಅವನಿಗೆ ಖಚಿತವಿಲ್ಲ. ಬಂದಿರಲಿಲ್ಲ ಎಂದು ಮಗಳ ತಲೆ ಮುಟ್ಟಿ ಹೇಳಲಾರ. ಮಂಗಳವಾರ ಉತ್ತರ ಕೊಟ್ಟುಬಂದ ಮೇಲೆ ನೀರುಕೋಳಿ ಹಾಳೆಗಳನ್ನು ಪೇಪರಿನಲ್ಲಿ ಸುತ್ತಿ ವಾಪಸು ತಂದ, ಒಳಗೆ ಮಗಳಿಗೊಂದು ಚಾಕೊಲೇಟು. ಅವಳು ಅದನ್ನು ಮೂರು ದಿನ ಸ್ವಲ್ಪ ಸ್ವಲ್ಪವೇ ತಿಂದಳು.

“ಮೇಸ್ತ್ರಿಗಳು ಏನಂತೀರಿ?” ಕರ್ನಲ್ ಕೇಳುತ್ತಿದ್ದರು. ಯಾವುದರ ಬಗ್ಗೆ ಎಂದು ತಿಳಿಯದೆ ಎದ್ದು ನಿಂತ. ಪಕ್ಕದವನು ಕಾಗದದ ಮೇಲೆ ಬೆರಳಿನಿಂದ ತೋರಿಸಿದ. ಏನೋ ಹೇಳಿ ಕೂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ತನ್ನ ಕೈ ಕಾಲರಿಗೆ ಹೋಗಿದ್ದು ಕೂತ ಮೇಲೆ ಗೊತ್ತಾಯಿತು.

ಹತ್ತೂವರೆಗೆ ಚಹಾ. ಆಮೇಲೆ ಮುಕ್ಕಾಲು ಗಂಟೆ ಗ್ರಂಥಾಲಯಕ್ಕೆಂದು ಬಿಡುವು. ವರಾಂಡದ ಕೊನೆಯ ನಲ್ಲಿಯ ಹತ್ತಿರ ನೀರುಕೋಳಿ ಉಗುರಿನ ಸಂದಿಯ ನೀಲಿ ಮೇಣ ತೊಳೆಯುತ್ತಿದ್ದ. ಮೇಸ್ತ್ರಿ ಕಪ್ಪು ಹಿಡಿದು ಹೋಗಿ ನಿಂತ.

“ಹೋಗ್ತಿಲ್ಲ ಇದು,” ಎಂದ ನೀರುಕೋಳಿ.

“ಸೀಮೆಎಣ್ಣೆ ಹಾಕಿದ್ರೆ ಹೋಗುತ್ತೆ.”

“ಹೂಂ.” ನಲ್ಲಿ ನಿಲ್ಲಿಸಿದ. “ನಿನ್ನ ಉತ್ತರದಲ್ಲಿ ದೋಣಿ ಇತ್ತಂತೆ.”

ಮೇಸ್ತ್ರಿ ಕಪ್ಪಿನೊಳಗೆ ನೋಡಿದ.

“ಗಾಳಿಪಟ ಹೇಳ್ದ. ಚೆನ್ನಾಗಿ ಬರ್ದಿದ್ದೀಯಂತೆ. ಹೊಳೆ ದಾಟಿದ ಮೇಲೆ ಅಂಬಿಗ ಯಾರು ಅಂತ ತಮಾಷೆ ಬೇರೆ ಮಾಡ್ದ, ಆಮೇಲೆ ನಾಲಿಗೆ ಕಚ್ಚಿಕೊಂಡ, ಪಾಪ.” ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ಯಾವಾಗ ನೋಡ್ದೆ ನೀನು?”

“ಹೋದ ಸೋಮವಾರ. ಸಂಜೆ.”

“ಓ.” ಮೈದಾನದ ಕಡೆ ತಿರುಗಿದ. ಯಾರೋ ಹುಲ್ಲಿಗೆ ಸುಣ್ಣದ ಗೆರೆ ಎಳೆಯುತ್ತಿದ್ದರು. “ನಾನು ಎದ್ದೇ ಇದ್ದೆ ಅವತ್ತು. ರೇಡಿಯೋ ಕೇಳ್ತಾ.”

“ಬರಬೇಕು ಅಂತಲೇ ಇದ್ದೆ—”

“ಬಿಡು. ಹೆಸರು ಕೇಳ್ತಾರೆ, ನಾನು ಹೇಳಲ್ಲ. ಇಬ್ಬರು ಹೋಗಿ ಏನ್ ಮಾಡೋದು? ನಿನಗೆ ಮಗು ಇದೆ.” ಅವನ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದರೆ ಅದನ್ನು ಹಿಡಿದುಕೊಂಡು ಹೇಗಾದರೂ ಮೇಲೆ ಹತ್ತಬಹುದಿತ್ತು. ಅವನು ಖಾಲಿ ಕಪ್ಪನ್ನು ಮೇಸ್ತ್ರಿಯ ಕೈಯಿಂದ ತೆಗೆದುಕೊಂಡು, ತನ್ನದರ ಜೊತೆ ಒಯ್ದು ತಟ್ಟೆಯಲ್ಲಿಟ್ಟ.

ಮೇಸ್ತ್ರಿ ಗ್ರಂಥಾಲಯದ ಕಡೆ ಹೊರಟು, ಮೆಟ್ಟಿಲ ಹತ್ತಿರ ಮನೆಯ ಕಡೆ ತಿರುಗಿದ. ತಿರುಗಿದ್ದು ಕಾಲು, ಅವನಲ್ಲ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗೆ ನಾಲ್ಕು ದಿನ, ಉಗುಳಲೂ ಆಗದೆ ನುಂಗಲೂ ಆಗದೆ. ಮೊದಲ ಸೇತುವೆ ಕಟ್ಟಿಸಿದಾಗ ತುಕಡಿಯಲ್ಲೊಬ್ಬ ವಯಸ್ಸಾದ ಬಡಗಿಯಿದ್ದ. ಮೊದಲ ಲಾರಿ ಹಾಯುವ ಹೊತ್ತಿಗೆ ಬಂದು, “ನಡೀರಿ ಸಾಹೇಬ್ರೇ, ಕೆಳಗೆ,” ಎಂದ. “ಯಾಕಪ್ಪಾ?” “ಕಟ್ಟಿಸಿದೋರು ಕೆಳಗೆ ನಿಲ್ಲಬೇಕು. ಮೇಲೆ ಹೋಗೋನಿಗೆ ಧೈರ್ಯ ಬೇಡ್ವಾ?” ಇಬ್ಬರೂ ಮೊಣಕಾಲು ನೀರಿನಲ್ಲಿ ನಿಂತರು. ಲಾರಿ ತಲೆಯ ಮೇಲೆ ಬಂದಾಗ ಹಲಗೆಗಳು ಗೊಣಗಿದವು, ಕಣ್ಣಿಗೆ ಮರದ ಪುಡಿ ಬಿತ್ತು. ಬಡಗಿ ಬೀಡಿ ಸೇದುತ್ತಿದ್ದ. ಆಮೇಲೆ ಎಷ್ಟೋ ಸೇತುವೆಗಳಾದವು. ಕೆಳಗೆ ನಿಲ್ಲುವುದನ್ನು ಎಂದು ಬಿಟ್ಟೆ ಎಂದು ನೆನಪಿಲ್ಲ. ಯಾರೂ ಕರೆಯಲಿಲ್ಲ, ಅಷ್ಟೇ.

ಹೆಂಡತಿ ಅಡುಗೆಮನೆಯ ಬಾಗಿಲ ಬೆಳಕಿಗೆ ಸ್ಟೂಲ್ ಎಳೆದುಕೊಂಡು ಪರದೆಯ ಅಂಚು ಹೊಲಿಯುತ್ತಿದ್ದಳು. ಎರಡು ವರ್ಷಕ್ಕೊಂದು ಮನೆ, ಮನೆಗೊಂದು ಅಳತೆಯ ಕಿಟಕಿ. ಅದೇ ಪರದೆಗಳನ್ನು ಮಡಿಸಿ ಗಿಡ್ಡ ಮಾಡುವುದು, ಬಿಚ್ಚಿ ಉದ್ದ ಮಾಡುವುದು. ಬಟ್ಟೆಯ ತುಂಬ ಹಳೆಯ ಹೊಲಿಗೆಯ ತೂತುಗಳು.

“ಏನ್ರೀ, ಇಷ್ಟೊತ್ತಿಗೆ?”

“ಸ್ಟೂಲ್ ಬೇಕಿತ್ತು.”

“ನಾನು ಕೂತಿದ್ದೀನಲ್ಲ.” ಆದರೂ ಎದ್ದಳು. ಅವನ ಕಣ್ಣು ಅಟ್ಟದ ಕಡೆ ಇರುವುದನ್ನು ನೋಡಿ, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. “ಅಜ್ಜೀನ ಒಲೆಗೆ ಹಾಕ್ತೀರಾ?”

“ಇಲ್ಲ.”

“ಅವರು ನಿಮ್ಮ ಹೆಸರು ಹೇಳಿದ್ರಾ?”

“ಹೇಳಲ್ವಂತೆ.”

“ಮತ್ತೆ? ಬಾಯಲ್ಲಿ ಬೆರಳಿಟ್ಟರೆ ಕಚ್ಚೋಕೂ ಬರದೋರು ನೀವು, ಇವತ್ತೇ ಹೋಗಿ…” ಮಾತು ಅಲ್ಲೇ ಬಿಟ್ಟಳು. ಗೋಡೆಯ ಮೇಲೆ ಮಗಳ ಶಾಲೆಯ ವೇಳಾಪಟ್ಟಿ ಅಂಟಿಸಿತ್ತು. “ಮಗೂಗೆ ಇದು ನಾಲ್ಕನೇ ಸ್ಕೂಲು.”

“ಗೊತ್ತು.”

“ಗೊತ್ತು ಅನ್ನೋದು ಸುಲಭ. ಪ್ರತಿ ಸಲ ಟಿ.ಸಿ. ಕೇಳೋಕೆ ಆ ಹೆಡ್‌ಮಿಸ್ಸಿನ ಮುಂದೆ ನಿಲ್ಲೋಳು ನಾನು.” ಅವನು ಸ್ಟೂಲ್ ಹತ್ತಿದ. ಅದರ ಒಂದು ಕಾಲು ಗಿಡ್ಡ. ಅವಳು ಬಗ್ಗಿ ಸ್ಟೂಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಕೆಳಗಿಳಿದು ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಅದೇ ಸ್ಟೂಲಿನ ಮೇಲೆ ಕೂತ. ಹಸಿರು ದಾರ ಬಿಚ್ಚಿದ. ಇಷ್ಟು ದಿನ ಮೇಲಿನ ಹಾಳೆಗಳನ್ನಷ್ಟೇ ನೋಡಿದ್ದ, ಅಜ್ಜಿಯ ತಳ ಯಾರಿಗೆ ಬೇಕು. ಈಗ ಸುಮ್ಮನೆ ತಿರುಗಿಸುತ್ತಾ ಹೋದ. ಟೈಪು ಮಾಡಿದವು ಮುಗಿದವು, ಕೈಬರಹದವು ಬಂದವು, ಶಾಯಿ ಕಂದಾಯಿತು. ಎಲ್ಲಕ್ಕಿಂತ ಕೆಳಗೆ, ಮಡಿಕೆಯಲ್ಲಿ ಹರಿದ ಒಂದು ಹಾಳೆ. ಅದೇ ನದಿ, ಅದೇ ಇಟ್ಟಿಗೆಗೂಡು, ಸೇತುವೆಯ ಮೇಲೆ ಹಾಯುವ ಒಂದು ಬಾಣ. ಬಾಣದ ಹಿಂದೆ ಮೀನಿನ ಬಾಲ, ಕವಲೊಡೆದು ಸ್ವಲ್ಪ ಮೇಲಕ್ಕೆ ತಿರುಗಿದ್ದು.

ಮೊದಲು ಬಂದದ್ದು ಸಂತೋಷ, ಕತ್ತಲಲ್ಲಿ ಇನ್ನೊಬ್ಬ ಕಳ್ಳ ಡಿಕ್ಕಿ ಹೊಡೆದರೆ ಆಗುವಂಥದ್ದು. ಈ ಒಂದೇ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಕರ್ನಲ್ ಒಬ್ಬರೇ ಇರುವಾಗ ಮೇಜಿನ ಮೇಲಿಟ್ಟು ಬಂದರೆ ಸಾಕು. ಒಂದು ಮಾತೂ ಬೇಡ. ನೀರುಕೋಳಿ ಉಳಿಯುತ್ತಾನೆ, ತಾನೂ ಉಳಿಯುತ್ತೇನೆ, ಪರದೆಗಳೂ ಇದೇ ಕಿಟಕಿಯಲ್ಲಿ ಉಳಿಯುತ್ತವೆ. ಎಷ್ಟು ಅಚ್ಚುಕಟ್ಟು. ಯಾರೋ ಮೊದಲೇ ಬರೆದಿಟ್ಟ ಉತ್ತರದ ಹಾಗಿದೆ ಎನಿಸಿತು. ಹಾಳೆಯನ್ನು ಇದ್ದ ಜಾಗಕ್ಕೇ, ತಳಕ್ಕೇ ಇಟ್ಟು ದಾರ ಕಟ್ಟಿದ.

ಬಾಗಿಲಲ್ಲಿ ಹೆಂಡತಿ ಪರದೆಯನ್ನು ಎದೆಗೆ ಹಿಡಿದು ಕೇಳಿದಳು: “ಅಂಚು ಹೊಲೀಲೋ, ಹಾಗೇ ಬಿಡಲೋ?”

ಅವನು ಅವಳ ಕೈಯನ್ನು ನೋಡಿದ. ಬೆರಳಿನ ತುದಿಯಲ್ಲಿ ಸೂಜಿಯ ಚುಕ್ಕಿಗಳಿದ್ದವು. ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದ.

ಕೋಣೆಗೆ ಬಂದಾಗ ಹನ್ನೊಂದೂವರೆ ದಾಟಿತ್ತು. “ಮೇಸ್ತ್ರಿಗಳು ಪುಸ್ತಕದೊಳಗೇ ಮನೆ ಕಟ್ತಿದ್ರೋ ಏನೋ,” ಎಂದರು ಕರ್ನಲ್. ಒಂದಿಬ್ಬರು ನಕ್ಕರು. ನೀರುಕೋಳಿ ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಮೇಸ್ತ್ರಿ ತನ್ನ ಜಾಗಕ್ಕೆ ಹೋಗಲಿಲ್ಲ. ನಕ್ಷೆಯ ಮೇಜಿನ ಹತ್ತಿರ ಹೋಗಿ ಕಟ್ಟನ್ನು ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟ. ಅದು ನದಿಯನ್ನು ಮುಚ್ಚಿತು.

“ಸರ್, ಇದು ನಮ್ಮ ಮನೇಲಿತ್ತು. ಅವರಿಗೆ ಕೊಟ್ಟೋನು ನಾನು.” ದನಿ ತನ್ನದಲ್ಲವೆಂಬಂತೆ ಸಣ್ಣದಾಗಿ ಬಂತು. “ಸೇತುವೆ ಇಲ್ಲ ಅಂತ ಹೋದ ಸೋಮವಾರ ಸಂಜೆನೇ ನೋಡಿದ್ದೆ. ಹೋಗಿ ಹೇಳಲಿಲ್ಲ.”

ಗಾಳಿಪಟ ತನ್ನ ಅಂಗೈಯನ್ನು ಓದುವವನ ಹಾಗೆ ನೋಡುತ್ತಿದ್ದ. ನೀರುಕೋಳಿ ತಲೆಯೆತ್ತಿ, ಬೇಡ ಎನ್ನುವಂತೆ ಒಮ್ಮೆ ಆಡಿಸಿದ. ಕರ್ನಲ್ ಕಟ್ಟಿನ ದಾರವನ್ನು ಬಿಚ್ಚಿದರು. ಮೇಲಿನ ಹಾಳೆಗಳನ್ನು ತಿರುಗಿಸಲಿಲ್ಲ. ಎಡಗೈಯಿಂದ ಇಡೀ ಕಟ್ಟನ್ನು ಎತ್ತಿ, ಬಲಗೈಯನ್ನು ಕೆಳಗೆ ತೂರಿಸಿ, ತಳದ ಹಾಳೆಯ ಅಂಚನ್ನಷ್ಟೇ ಎಳೆದು ನೋಡಿದರು. ಎಲ್ಲಿದೆ ಎಂದು ಗೊತ್ತಿದ್ದವರ ಹಾಗೆ. ನೋಡಿದ್ದು ಬಹಳ ಹೊತ್ತೇನಲ್ಲ. ಆಮೇಲೆ ಅಂಚುಗಳನ್ನು ತಟ್ಟಿ ಸಮ ಮಾಡಿ, ದಾರವನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿ, ಕಟ್ಟನ್ನು ನಾಲ್ಕು ಬೆರಳಿನಿಂದ ಮೇಸ್ತ್ರಿಯ ಕಡೆ ತಳ್ಳಿದರು. ನದಿ ಮತ್ತೆ ಕಾಣಿಸಿತು.

“ಎಲ್ಲಿದ್ವಿ?” ಎಂದರು, ಯಾರ ಮುಖವನ್ನೂ ನೋಡದೆ. “ಎಡದಂಡೆ. ತುಕಡಿ ಹಿಂದಕ್ಕೆ ಬರೋದು ಈ ದಾರಿಯಲ್ಲಿ.” ನೀಲಿ ಪೆನ್ಸಿಲ್ ತೆಗೆದುಕೊಂಡು ಬಾಣ ಬರೆದರು. ಮೇಸ್ತ್ರಿ ನೋಡಿದ. ನೆಟ್ಟಗಿನ ಗೆರೆ, ಒಂದು ತಲೆ. ಹಿಂದೆ ಬಾಲವಿರಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ನೀರುಕೋಳಿ ಎದ್ದ. ಟೋಪಿ ಹಾಕಿಕೊಂಡು, ಕುರ್ಚಿಯನ್ನು ಸದ್ದಾಗದಂತೆ ಮೇಜಿನೊಳಕ್ಕೆ ಸರಿಸಿದ. ಅವನ ಉಗುರಿನಲ್ಲಿ ಇನ್ನೂ ನೀಲಿಯಿತ್ತು. ಕರ್ನಲ್ ಎರಡನೆಯ ಬಾಣ ಶುರುಮಾಡಿದ್ದರು, ಎಂಟು ಜನ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಮೇಸ್ತ್ರಿ ಕಟ್ಟನ್ನು ಎರಡೂ ಕೈಯಿಂದ ಎತ್ತಿ ಹಿಡಿದ. ಅಂದುಕೊಂಡಿದ್ದಕ್ಕಿಂತ ಭಾರವಿತ್ತು.

“ಸರ್,” ಎಂದ. “ಅವರು ಹೋಗೋದ್ರೊಳಗೆ ಇದನ್ನ ತಗೊಳ್ಳಿ.”

ಪ್ಲಾಸ್ಟಿಕ್ಕಿನ ಮೇಲೆ ಕರ್ನಲ್ ಕೈಯ ಮೇಣದ ಪೆನ್ಸಿಲ್ ನಿಲ್ಲದೆ ಕಿರ್ ಎನ್ನುತ್ತ ಮುಂದೆ ಹೋಯಿತು.